ಒಳಗಿನ ಜೋಲಿ

ಸೋಮವಾರ, ೯ ಆಗಸ್ಟ್ ೧೯೭೧

ಸಯನ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಒಂದು ಸೀನು ಬಂತು. ಒಂದೇ ಒಂದು. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ, ಹಿಂದಿನಿಂದ ತಳ್ಳುವ ಜನ. ತಡೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಒಳಲಂಗ ತೊಡೆಗೆ ಅಂಟಿಕೊಂಡಿತು. ಮಳೆಗಾಲವಾದದ್ದು ಪುಣ್ಯ. ಇಡೀ ಮುಂಬಯಿಯೇ ಒದ್ದೆಯಾಗಿರುವಾಗ ನನ್ನೊಬ್ಬಳ ಸೀರೆಯನ್ನು ಯಾರು ನೋಡುತ್ತಾರೆ?

ಆದರೆ ವಾಸನೆ? ಶಾಲೆಯಲ್ಲಿ ಮೂರನೆಯ ವರ್ಗದ ಮಕ್ಕಳ ಮುಂದೆ ದಿನವಿಡೀ ಕುರ್ಚಿ ಬಿಟ್ಟು ಏಳಲಿಲ್ಲ. ಹಲಗೆಯ ಮೇಲೆ ಲೆಕ್ಕ ಬರೆಯಲು ಹುಡುಗಿಯೊಬ್ಬಳನ್ನು ಎಬ್ಬಿಸಿದೆ. "ಟೀಚರ್‌ಬಾಯಿ, ನಿಮಗ ಕಾಲು ನೋವೇನ್ರೀ?" ಎಂದು ಅವಳು ಕೇಳಿದಳು. ಹೌದು ಎಂದೆ.

ಏಪ್ರಿಲ್‌ನಲ್ಲಿ ಕೂಸು ಹುಟ್ಟಿದಾಗಿನಿಂದ ಹೀಗೆ. ಎರಡು ದಿನ ಬೇನೆ ತಿಂದು ಕೊನೆಗೆ ಇಕ್ಕಳ ಹಾಕಿ ಎಳೆದರು. ಕೂಸು ಚೆನ್ನಾಗಿದೆ, ನೀವೂ ಚೆನ್ನಾಗಿದ್ದೀರಿ ಎಂದು ಮನೆಗೆ ಕಳಿಸಿದರು. ಕೂಸು ಚೆನ್ನಾಗಿಯೇ ಇದೆ.

ಇದನ್ನು ಯಾರಿಗೆ ಹೇಳಲಿ? ದಾದರಿನ ಚಾಳಿನಲ್ಲಿ ನಮಗಿರುವುದು ಒಂದು ಕೋಣೆ. ಅದರಲ್ಲಿ ಇವರು, ಎಂಟು ವರ್ಷದ ಮಗ ಈರಣ್ಣ, ಕೂಸು, ಬಾಣಂತನಕ್ಕೆಂದು ಊರಿನಿಂದ ಬಂದು ಇಲ್ಲೇ ಉಳಿದಿರುವ ಅತ್ತೆ. ಪಿಸುಮಾತಿಗೂ ಅಲ್ಲಿ ಜಾಗವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ, ೨೨ ಆಗಸ್ಟ್

ಬೆಳಿಗ್ಗೆ ನಳದಿಂದ ಬಕೆಟ್ ಎತ್ತುವಾಗ ಕೆಳಗೆ ಏನೋ ಜಾರಿದಂತಾಯಿತು. ನೋವಲ್ಲ, ಭಾರ. ಒಳಗಿರಬೇಕಾದದ್ದು ಬಾಗಿಲ ತನಕ ಬಂದು ನಿಂತ ಹಾಗೆ. ಮಲಗಿದರೆ ಇಲ್ಲ, ಎದ್ದರೆ ಇದೆ. ಸಂಜೆಯ ಹೊತ್ತಿಗೆ ಹೆಚ್ಚು.

ಹಳೆಯ ಸೀರೆ ಹರಿದು ಮಡಿಕೆ ಮಾಡಿ ಇಟ್ಟುಕೊಳ್ಳುತ್ತಿದ್ದೇನೆ. ಒಗೆದದ್ದನ್ನು ಗ್ಯಾಲರಿಯ ತಂತಿಯಲ್ಲಿ ಬೇರೆ ಸೀರೆಯ ಅಡಿಗೆ ಒಣಹಾಕುತ್ತೇನೆ. ಅತ್ತೆಯ ಕಣ್ಣಿಗೆ ಅದೂ ಬೀಳುತ್ತದೆ.

"ದಿನಕ್ಕ ಎಷ್ಟ ಸಲ ಒಗಿತೀ? ಸೋಪು ಕರಗಿ ಹೊಂಟೈತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಮುಟ್ಟು ನಿಂತಿಲ್ಲೇನು?" ಎಂದರು. ನಾನು ಬಟ್ಟೆ ಹಿಂಡುತ್ತಲೇ ಇದ್ದೆ. ಬೆನ್ನ ಮೇಲೆ ಅವರ ನೋಟ ಅಂಟಿಕೊಂಡೇ ಇತ್ತು. ಬಾಣಂತನ ಮುಗಿಯಿತಲ್ಲ, ಊರಿಗೆ ಯಾಕೆ ಹೋಗುವುದಿಲ್ಲ ಈಕೆ? ನಮ್ಮನ್ನು ಕಾಯಲು ಕುಳಿತಂತೆ ಕುಳಿತಿದ್ದಾರೆ.

ಮಂಗಳವಾರ, ೧೪ ಸೆಪ್ಟೆಂಬರ್

ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಅರ್ಧ ಲೋಟ ಚಹಾ, ಅಷ್ಟೇ. ತಲೆ ಸಿಡಿಯುತ್ತದೆ, ಮೂತ್ರ ಉರಿಯುತ್ತದೆ, ಆದರೂ ಸೋರುವುದು ನಿಂತಿಲ್ಲ.

ಈಗ ನನಗೆ ಈ ಶಹರವೆಂದರೆ ಎಲ್ಲೆಲ್ಲಿ ಸಂಡಾಸು ಇದೆ ಎಂಬುದಷ್ಟೇ. ಚಾಳಿನದು ಗ್ಯಾಲರಿಯ ಕೊನೆಗೆ, ಸದಾ ಸಾಲು. ಸ್ಟೇಷನ್ನಿನದರಲ್ಲಿ ಕಾಲಿಡಲಾಗದು. ಶಾಲೆಯದಕ್ಕೆ ಚಿಲಕವಿಲ್ಲ, ಯಾರಾದರೂ ಹೊರಗೆ ನಿಂತು ಕಾಯಬೇಕು. ಇವತ್ತು ಮಾಟುಂಗಾ ದಾಟಿದ ಮೇಲೆ ಸಿಗ್ನಲ್ ಸಿಗದೆ ಲೋಕಲ್ ನಿಂತುಬಿಟ್ಟಿತು. ಹೆಂಗಸರ ಡಬ್ಬಿಯಲ್ಲಿ ಉಸಿರಾಡಲೂ ಎಡೆಯಿಲ್ಲ. ಸುತ್ತಲಿನವರು ನಗುತ್ತ ಹರಟುತ್ತಿದ್ದರು. ನಾನು ಹಲ್ಲು ಕಚ್ಚಿ, ತೊಡೆ ಒತ್ತಿ, ಸರಳು ಹಿಡಿದು ನಿಂತಿದ್ದೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಏನೋ ತಮಾಷೆ ಹೇಳಿದಾಗ ಎಲ್ಲರೂ ನಕ್ಕರು. ನನಗೂ ನಗು ಬಂತು. ನುಂಗಿದೆ. ನಗುವುದೆಂದರೆ ನನಗೆ ಈಗ ಹೆದರಿಕೆ.

ಶುಕ್ರವಾರ, ೧ ಅಕ್ಟೋಬರ್

ಮುಖ್ಯಾಧ್ಯಾಪಕರು ಕರೆದರು. ಪವಾಯಿಯ ಕಡೆ ಹೊಸದಾಗಿ ಕನ್ನಡ ವರ್ಗಗಳನ್ನು ತೆರೆಯುತ್ತಾರಂತೆ. ಕಟ್ಟಡ ಕಟ್ಟಲು ಬಂದ ನಮ್ಮ ಕಡೆಯ ಜನ ಅಲ್ಲಿ ತುಂಬಿದ್ದಾರೆ, ಅವರ ಮಕ್ಕಳು ಮರಳಲ್ಲಿ ಆಡಿಕೊಂಡು ಬೆಳೆಯುತ್ತಿದ್ದಾರೆ. "ನಡೆಸಿಕೊಂಡು ಹೋಗಲು ನಿಮ್ಮ ಹೆಸರು ಬರೆದಿದ್ದೇನೆ ನೀಲಾಬಾಯಿ" ಎಂದರು.

ಹತ್ತು ವರ್ಷದಿಂದ ಇಂಥದಕ್ಕೆ ಕಾದಿದ್ದೆ. ವಿಕ್ರೋಲಿಯ ತನಕ ಲೋಕಲ್, ಅಲ್ಲಿಂದ ಬಸ್ಸು. ಬಸ್ಸಿನ ಕುಲುಕಾಟ, ಬಯಲಲ್ಲಿ ಒಂದು ಶೆಡ್ಡು, ಸುತ್ತ ಗಂಡಸರು. ಎಲ್ಲಿ ಹೋಗಲಿ, ಎಲ್ಲಿ ಬದಲಾಯಿಸಲಿ?

ಆಗುವುದಿಲ್ಲ ಎಂದೆ.

ಮನೆಯಲ್ಲಿ ಇವರು ನಂಬಲಿಲ್ಲ. "ಯಾಕ ಒಲ್ಲೆ ಅಂದಿ?"

"ಕೂಸು ಸಣ್ಣದೈತಿ."

"ಅವ್ವ ಅದಾಳಲ್ಲ ನೋಡಾಕ. ಇಂಥಾ ಕೆಲಸ ಬೇಕಂತ ನೀನ ಹಗಲಿರುಳು ಹೇಳತಿದ್ದಿ."

ಅತ್ತೆ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ನಾನು ಏನು ಹೇಳಲಿ? ತಾಯಿಯ ಎದುರಿಗೆ, ಮಗನ ಎದುರಿಗೆ?

ಭಾನುವಾರ, ೧೭ ಅಕ್ಟೋಬರ್

ಇವರು ಈಗ ಗ್ಯಾಲರಿಯಲ್ಲಿ ಮಲಗುತ್ತಾರೆ. ಸೆಕೆ ಎಂದು ಹೇಳಿದರು. ಹಿಂದೊಮ್ಮೆ ಕೈ ಚಾಚಿದಾಗ ನಾನು ಸರಿದುಕೊಂಡೆ. ಕೇಳಿದರು, "ನನ್ನ ಮ್ಯಾಲ ಸಿಟ್ಟೈತೇನು ನೀಲಾ?" ಇಲ್ಲ ಎಂದೆ. ಇಲ್ಲ ಎಂಬ ಮಾತನ್ನು ಎಷ್ಟು ಕೆಟ್ಟದಾಗಿ ಹೇಳಬಹುದೋ ಅಷ್ಟು ಕೆಟ್ಟದಾಗಿ ಹೇಳಿದೆ.

ಲಿಂಗಪೂಜೆ ಮಾಡದೆ ವಾರವಾಯಿತು. ಈ ಮೈಯಲ್ಲಿ ಹೇಗೆ ಕೂರಲಿ?

ಸೋಮವಾರ, ೮ ನವೆಂಬರ್

ಧೈರ್ಯ ಮಾಡಿ ಬೀದಿಯ ಕೊನೆಯ ಡಾಕ್ಟರರ ಹತ್ತಿರ ಹೋದೆ. ಗಂಡಸು. ಬೆಂಚಿನ ಮೇಲೆ ಕೆಮ್ಮುವ ಐದಾರು ಜನ, ನಡುವೆ ಒಂದು ಪರದೆ. "ಅಶಕ್ತಿ" ಎಂದು ಮಾತ್ರ ಹೇಳಿದೆ. ಅವರೂ ಅಷ್ಟೇ ಬರೆದುಕೊಂಡರು. ಕೆಂಪು ಟಾನಿಕ್ ಕೊಟ್ಟರು.

ಮಂಗಳವಾರ, ೯ ನವೆಂಬರ್

ಟಾನಿಕ್ಕಿಗೆ ತುಕ್ಕಿನ ರುಚಿ.

ಶನಿವಾರ, ೪ ಡಿಸೆಂಬರ್

ಯುದ್ಧ ಶುರುವಾಯಿತು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದೆವು. ಸಂಜೆಯಾದರೆ ದೀಪವಿಲ್ಲ. ಇವರಿಗೆ ಮಿಲ್ಲಿನಲ್ಲಿ ಎರಡನೆಯ ಪಾಳಿ. ಕೋಣೆ ಮೊದಲೇ ಡಬ್ಬಿಯ ಹಾಗಿತ್ತು, ಈಗ ಮುಚ್ಚಳವೂ ಬಿತ್ತು.

ಬುಧವಾರ, ೮ ಡಿಸೆಂಬರ್

ಶಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನೆಯದನ್ನು ಮನೆಯಲ್ಲಿ ಬರೆಯಲಾಗಲಿಲ್ಲ.

ಸಂಜೆ ಅಡುಗೆ ಮುಗಿಸಿ ತಂಬಿಗೆ ಹಿಡಿದು ಗ್ಯಾಲರಿಗೆ ಕಾಲಿಟ್ಟೆ, ಸೈರನ್ ಕೂಗಿತು. ಕೆಳಗಿನಿಂದ ಹುಡುಗರು "ಬತ್ತಿ ಬಂದ್, ದರವಾಜಾ ಬಂದ್" ಎಂದು ಕಿರುಚಿದರು. ಅತ್ತೆ ನನ್ನನ್ನು ಒಳಗೆ ಎಳೆದು ಬಾಗಿಲು ಹಾಕಿದರು. ಕತ್ತಲೆ ಎಂದರೆ ಎಂಥ ಕತ್ತಲೆ. ಕೂಸು ಮೇಲೆ ಸೀರೆಯ ಜೋಲಿಯಲ್ಲಿ ಮಲಗಿತ್ತು. ನಾವು ಮೂವರು ಚಾಪೆಯ ಮೇಲೆ ಕುಳಿತೆವು. ನಾನು ಹಿಡಿದುಕೊಂಡೆ, ಹಿಡಿದುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಈರಣ್ಣ ಬೆಚ್ಚಿ ನನ್ನ ಹೊಟ್ಟೆಯ ಮೇಲೆ ಬಿದ್ದ.

ಎಲ್ಲಾ ಹೋಯಿತು. ಸ್ವಲ್ಪವಲ್ಲ, ಎಲ್ಲಾ. ಬೆಚ್ಚಗೆ ಚಾಪೆಯ ಮೇಲೆ ಹರಿಯುವುದು ಗೊತ್ತಾಗುತ್ತಿತ್ತು. ಏಳುವಂತಿಲ್ಲ, ದೀಪ ಹಚ್ಚುವಂತಿಲ್ಲ. ಅತ್ತೆಯ ಕೈ ತಡವುತ್ತ ಬಂದು ಒದ್ದೆಯ ಮೇಲೆ ನಿಂತಿತು.

"ಕೂಸು ಉಚ್ಚಿ ಹೊಯ್ದೈತೇನು?"

"ಹೂಂ ರೀ."

ಅವರು ಜೋಲಿ ತಡವಿದ ಸದ್ದಾಯಿತು. ಆಮೇಲೆ ಮೆಲ್ಲಗೆ, "ಕೂಸು ಜೋಲ್ಯಾಗ ಐತಿ, ನೀಲಾ."

ನಾನು ಅಳಲು ಶುರುಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಈರಣ್ಣನನ್ನು ಗೋಡೆಯ ಕಡೆ ಸರಿಸಿ ಮಲಗಿಸಿದರು, ತಮ್ಮ ಹೊದಿಕೆಯನ್ನು ಒದ್ದೆಯ ಮೇಲೆ ಒತ್ತಿದರು. "ಹಡದಾಗಿಂದೇನು?" ಎಂದರು. ಹೌದೆಂದೆ. ಕೆಳಗೆ ಜಾರುವ ಭಾರವನ್ನೂ ಹೇಳಿದೆ. ಮುಖ ಕಾಣದಿದ್ದುದರಿಂದ ಹೇಳಲು ಬಂತು.

"ನಂದು ಹೊರಗ ಬಂದು ಇಪ್ಪತ್ತ ವರ್ಷಾತು" ಎಂದರು ಅತ್ತೆ.

"ಏನ್ರೀ?"

"ಗರ್ಭ. ಸಣ್ಣಾಕಿ ಹಾಲವ್ವನ್ನ ಹಡದು ಐದನೇ ದಿನಕ್ಕ ಜ್ವಾಳದ ಹೊರಿ ಹೊತ್ತಿದ್ದೆ. ಅವತ್ತು ಜಾರಿದ್ದು, ಒಳಗ ಹೋಗವಲ್ದು. ಮುಂಜಾನಿ ಒಳಗ ದಬ್ಬಿ ಹಳೇ ಸೀರಿ ಅರಬಿ ಕಟ್ಟತೀನಿ. ಸಂಜೀಕ ಮತ್ತ ಬರತೈತಿ. ಊರಿಗೆ ಯಾಕ ಹೋಗವಲ್ಲಳು ಮುದುಕಿ ಅಂತ ನಿನ್ನ ಮನಸಿನ್ಯಾಗ ಐತಿ, ನನಗ ಗೊತ್ತು. ಬರೂವಾಗ ಆ ಗಾಡ್ಯಾಗ ಕುಂತು ಸತ್ತು ಹುಟ್ಟೀನಿ. ಮತ್ತ ಆ ಗಾಡಿ ಹತ್ತೂ ಧೈರ್ಯಿಲ್ಲ."

ನಾನು ಕಾವಲುಗಾರ್ತಿ ಎಂದುಕೊಂಡಿದ್ದವರೂ ಒಳಗೇ ಸಿಕ್ಕಿಕೊಂಡಿದ್ದರು.

"ಪೂಜಿ ಯಾಕ ಬಿಟ್ಟಿ?" ಎಂದರು.

"ಈ ಮೈಲಿಗ್ಯಾಗ..."

"ನಾ ಇದನ್ನ ಕಟಗೊಂಡ ಇಪ್ಪತ್ತ ವರ್ಷ ಪೂಜಿ ಮಾಡೀನಿ. ಕೊರಳಾಗ ಲಿಂಗ ಇದ್ದಾಕಿಗೆ ಎಲ್ಲೀ ಮೈಲಿಗಿ?"

"ಯಾರಿಗೂ ತೋರಸಲಿಲ್ಲೇನ್ರೀ?"

"ಯಾರಿಗೆ ತೋರಸೂದು? ಹೆಂಗಸಾಗಿ ಹುಟ್ಟಿಂದ ಸುಮ್ನ ಇರಬೇಕು. ನೀನೂ ಸುಮ್ನಿರು. ರೂಢಿ ಆಕ್ಕೈತಿ."

ಆಮೇಲೆ ಅಪಾಯ ಕಳೆಯಿತೆಂಬ ಸೈರನ್ ಆಯಿತು. ಚಿಮಣಿ ಹಚ್ಚಿದೆವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಚಾಪೆ ತೊಳೆದವರು ಅವರು.

ರೂಢಿಯಾಗುತ್ತದೆ ಎಂದರು. ಆ ಮಾತು ಬೆಳಗಿನಿಂದ ನನ್ನನ್ನು ಬಿಟ್ಟಿಲ್ಲ. ಇಪ್ಪತ್ತು ವರ್ಷ.

ಸೋಮವಾರ, ೨೦ ಡಿಸೆಂಬರ್

ಯುದ್ಧ ಮುಗಿದು ಶಾಲೆಯಲ್ಲಿ ಪೇಢೆ ಹಂಚಿದರು. ಎರಡನೆಯ ವರ್ಗದ ವಾರಿಜಾ ಟೀಚರ್ ಸಂಡಾಸಿನ ಬಾಗಿಲು ಕಾಯುತ್ತಿದ್ದಾಗ ನಾನು ಒಳಗಿನಿಂದಲೇ ಎಲ್ಲ ಹೇಳಿಬಿಟ್ಟೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಆಕೆ ಉಡುಪಿಯ ಕಡೆಯವರು. ಗಂಡನ ಹೋಟೆಲು ಸಯನ್‌ನಲ್ಲೇ ಇದೆ.

"ಅಯ್ಯೋ ಮಾರಾಯ್ರೆ, ಇದನ್ನು ಇಷ್ಟು ದಿವಸ ಒಬ್ಬರೇ ಇಟ್ಕೊಂಡು ಕೂತದ್ದಾ? ನನ್ನ ಅಕ್ಕನಿಗೂ ಆಗಿತ್ತು. ಹೆಂಗಸು ಡಾಕ್ಟ್ರು ಇದ್ದಾರೆ, ನಾನೇ ಕರ್ಕೊಂಡು ಹೋಗ್ತೇನೆ. ನಾಚಿಕೆ ಎಂತದ್ದು ಅದರಲ್ಲಿ?" ಎಂದರು.

ಬುಧವಾರ, ೨೯ ಡಿಸೆಂಬರ್

ಹೋಗಿ ಬಂದೆ. ಮರಾಠಿ ಡಾಕ್ಟರ್‌ಬಾಯಿ, ನಡುವಯಸ್ಸು, ಕನ್ನಡಕ. ಪರೀಕ್ಷೆಗೆ ಮಲಗಿದೆ. ಕೆಮ್ಮು ಎಂದರು. ಕೆಮ್ಮಿದರೆ ಏನಾಗುತ್ತದೋ ಅದೇ ಆಯಿತು. ಆಕೆ ಸುಮ್ಮನೆ ಬಟ್ಟೆ ಕೊಟ್ಟರು. ಅದನ್ನು ನೋಡುವುದಕ್ಕೇ ಕೆಮ್ಮಿಸಿದ್ದಂತೆ.

ಆಮೇಲೆ ಕೂರಿಸಿ ಹೇಳಿದರು: ಮನೆಯಲ್ಲಿ ಕೂಸನ್ನು ಸೀರೆಯ ಜೋಲಿಯಲ್ಲಿ ಮಲಗಿಸುತ್ತೀಯಲ್ಲ, ಹಾಗೆಯೇ ಹೆಂಗಸಿನ ಕೆಳಹೊಟ್ಟೆಯ ತಳದಲ್ಲಿ ಮಾಂಸಖಂಡಗಳ ಒಂದು ಜೋಲಿ ಇದೆ. ಮುಂದಿನ ಎಲುಬಿನಿಂದ ಬೆನ್ನ ತುದಿಯ ತನಕ. ಮೂತ್ರದ ಚೀಲ, ಗರ್ಭ, ಕರುಳು ಎಲ್ಲಾ ಅದರ ಮೇಲೆ. ಹೆರಿಗೆಯಲ್ಲಿ ನಿನ್ನದು ಜಗ್ಗಿ ಸಡಿಲಾಗಿದೆ. ಗರ್ಭ ಸ್ವಲ್ಪವೇ ಇಳಿದಿದೆ, ಕೊಯ್ಯುವ ಅಗತ್ಯವಿಲ್ಲ. ಜೋಲಿಯನ್ನು ಬಿಗಿ ಮಾಡಬೇಕು, ಅದನ್ನು ನೀನೇ ಮಾಡಬೇಕು.

ಹೇಗೆಂದರೆ, ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳುವುದು. ಕೊಂಚ ಹೊತ್ತು ಹಿಡಿಯುವುದು, ಪೂರ್ತಿ ಬಿಡುವುದು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಮಾತ್ರ ಇದನ್ನು ಅಭ್ಯಾಸ ಮಾಡಬಾರದು. ಸೀನು, ಕೆಮ್ಮು ಬರುವ ಮೊದಲು ಬಿಗಿ ಹಿಡಿಯಬೇಕು. "ಬಿಡುವುದೂ ಹಿಡಿದಷ್ಟೇ ಮುಖ್ಯ" ಎಂದು ಮತ್ತೆ ಮತ್ತೆ ಹೇಳಿದರು. ಭಾರ ಎತ್ತಬೇಡ, ಮಲಬದ್ಧತೆ ಆಗಗೊಡಬೇಡ. ನೀರು ಕುಡಿಯುವುದಿಲ್ಲ ಎಂದದ್ದಕ್ಕೆ ಬೈದರು. ನೀರು ಕಮ್ಮಿಯಾದರೆ ಚೀಲ ಇನ್ನಷ್ಟು ಕೆರಳುತ್ತದಂತೆ.

ತಿಂಗಳುಗಟ್ಟಲೆ ಬೇಕು ಎಂದರು. ಇಷ್ಟಕ್ಕೆ ಇಷ್ಟೇ ಔಷಧಿಯೇ? ಒಂದು ಬಾಟಲಿಯಾದರೂ ಕೊಟ್ಟಿದ್ದರೆ ನಂಬಿಕೆ ಬರುತ್ತಿತ್ತು.

ಗುರುವಾರ, ೧೩ ಜನವರಿ ೧೯೭೨

ಏನೂ ಆಗುತ್ತಿಲ್ಲ. ಲೋಕಲ್‌ನಲ್ಲಿ ನಿಂತು ಹಿಡಿಯುತ್ತೇನೆ, ಬಿಡುತ್ತೇನೆ. ಹಿಡಿದದ್ದು ಜೋಲಿಯೋ, ಹೊಟ್ಟೆಯೋ, ದವಡೆಯೋ ಗೊತ್ತಾಗುವುದಿಲ್ಲ. ಇವತ್ತು ವರ್ಗದಲ್ಲಿ ಸೀಮೆಸುಣ್ಣದ ಪುಡಿಗೆ ಕೆಮ್ಮು ಬಂದು ಮತ್ತೆ ಒದ್ದೆ.

ಪವಾಯಿಗೆ ಬೇರೆ ಶಾಲೆಯವರೊಬ್ಬರನ್ನು ಹಾಕಿದರಂತೆ. ಗಂಡಸು. ಕೇಳಿ ಹೊಟ್ಟೆ ಉರಿಯಿತು. ಆ ಮಕ್ಕಳು ನನ್ನವರಾಗುತ್ತಿದ್ದರು.

ಭಾನುವಾರ, ೩೦ ಜನವರಿ

ಅತ್ತೆ ಕೂಸನ್ನು ಕಸಿದುಕೊಂಡು, "ಇಬ್ಬರೂ ಹೊರಗ ಹೋಗಿ ಗಾಳಿ ತಗೊಂಡ ಬರ್ರಿ" ಎಂದು ನಮ್ಮನ್ನು ಹೆಚ್ಚುಕಡಿಮೆ ದಬ್ಬಿದರು. ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಕುಳಿತೆವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇವರು ಅವರನ್ನೇ ನೋಡುತ್ತಿದ್ದರು, ನಾನೂ ಅವರನ್ನೇ ನೋಡುತ್ತ ಹೇಳಿದೆ. ಹೆರಿಗೆಯಿಂದ ಹಿಡಿದು ಎಲ್ಲ.

ಚೆಂಡು ನಮ್ಮ ಕಡೆ ಉರುಳಿ ಬಂತು, ಇವರು ಅದನ್ನು ಹುಡುಗರತ್ತ ಎಸೆದರು. "ನಾ ಏನ ತಿಳಕೊಂಡಿದ್ದೆ ಗೊತ್ತೇನು?" ಎಂದರು ಕೊನೆಗೆ. "ನಿನಗ ನಾ ಬ್ಯಾಡಾದೆ ಅಂತ."

"ಅಲ್ರೀ."

"ಮಿಲ್ಲಿನ್ಯಾಗ ದಾರ ಹರದರ ನನಗ ದೂರಿಂದ ಗೊತ್ತಾಗತೈತಿ. ಮನ್ಯಾಗಿಂದು ಗೊತ್ತಾಗಲಿಲ್ಲ ನೋಡು." ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ಕೇಳಿದರು, "ಡಾಕ್ಟರ್‌ಬಾಯಿ ನನಗೇನರ ಹೇಳ್ಯಾರೇನು, ಮಾಡಾಕ?"

"ಭಾರ ಎತ್ತಬಾರದಂತ."

ಮಂಗಳವಾರ, ೧ ಫೆಬ್ರವರಿ

ಬೆಳಿಗ್ಗೆ ನಳದ ಸಾಲಿನಲ್ಲಿ ಅಷ್ಟು ಹೆಂಗಸರ ನಡುವೆ ಇವರೊಬ್ಬರೇ ಗಂಡಸು, ಎರಡೂ ಕೈಯಲ್ಲಿ ಬಕೆಟ್ಟು. ಮೇಲಿನ ಗ್ಯಾಲರಿಯಿಂದ ಯಾರೋ ಕೂಗಿದರು, "ಕಾಯ್ ಅಣವೀರಪ್ಪಾ, ಬಾಯ್ಕೋಚಾ ನೋಕರ್ ಝಾಲಾಸ್?" ಹೆಂಡತಿಯ ಆಳಾದೆಯಾ ಎಂದು. ಇವರು ತಲೆ ಎತ್ತದೆ, "ಹೋ, ಪಣ್ ಪಗಾರ್ ನಾಹೀ" ಎಂದರು. ಪಗಾರವಿಲ್ಲ ಎಂದು ಕೇಳಿ ಇಡೀ ಸಾಲು ನಕ್ಕಿತು.

ಶುಕ್ರವಾರ, ೧೮ ಫೆಬ್ರವರಿ

ಸೀಮೆಸುಣ್ಣ ಮುಗಿದಿದೆ, ಕೇಳಿದರೆ ಮುಂದಿನ ತಿಂಗಳು ಎನ್ನುತ್ತಾರೆ. ಮಕ್ಕಳಿಗೆ ಕಪ್ಪೆಯ ಪದ್ಯ ಬಾಯಿಪಾಠ ಮಾಡಿಸುವಾಗ ನಾನೂ ಅವರೊಂದಿಗೆ ವರ್ಗದ ತುಂಬ ಕುಪ್ಪಳಿಸಿದೆ. ಸದ್ದಿಗೆ ಮುಖ್ಯಾಧ್ಯಾಪಕರು ಬಂದು ಇಣುಕಿ ನೋಡಿ ಹೋದರು. ಬಾಯಾರಿ ಹೂಜಿಯ ನೀರು ಅರ್ಧ ನಾನೇ ಕುಡಿದೆ.

ಸಂಜೆ ಕಣ್ಣು ಮುಚ್ಚಿ ಅಭ್ಯಾಸಕ್ಕೆ ಕುಳಿತಿದ್ದೆ. "ಏನದು, ಧ್ಯಾನೇನು?" ಎಂದರು ಅತ್ತೆ. ಹೇಳಿದೆ. ಅವರಿಗೂ ಕಲಿಸಿದೆ. ಪೂಜೆಯ ಮಣೆಯ ಮೇಲೆ ಕುಳಿತು ಹುಬ್ಬು ಗಂಟಿಕ್ಕಿ ಪ್ರಯತ್ನಿಸಿದರು. "ಅಲ್ಲೇನೂ ಇಲ್ಲವಾ ಹಿಡಿಯಾಕ" ಎಂದರು. ನಮ್ಮ ಡಾಕ್ಟರ್‌ಬಾಯಿಗೆ ತೋರಿಸೋಣ ಎಂದೆ. ಈ ವಯಸ್ಸಿನಲ್ಲಿ ಕಾಲು ಅಗಲಿಸಿ ಮಲಗಲೇ ಎಂದು ಸಿಟ್ಟಾದರು. ಈಗ ಮಾತು ಬಿಟ್ಟಿದ್ದಾರೆ.

ಗುರುವಾರ, ೯ ಮಾರ್ಚ್

ಕೊನೆಗೆ ಅತ್ತೆ ಒಪ್ಪಿದರು. ರಜೆ ಹಾಕಿ ಕರೆದುಕೊಂಡು ಹೋದೆ. ಟ್ಯಾಕ್ಸಿಯಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ. ಡಾಕ್ಟರ್‌ಬಾಯಿ ನೋಡಿ, ಹುಣ್ಣಾಗಿದ್ದ ಒಂದು ಕಡೆ ಔಷಧಿ ಹಚ್ಚಿ, ಹತ್ತು ದಿನ ಬಿಟ್ಟು ಬರಲು ಹೇಳಿದರು. ಹುಣ್ಣು ಮಾಯ್ದ ಮೇಲೆ ಬೇಕಾದರೆ ಕೊಯ್ಯಬಹುದು, ಬೇಡವಾದರೆ ಉಂಗುರ ಹಾಕಬಹುದು ಎಂದರು. ಅವ್ವ ಉಂಗುರ ಎಂದರು.

ಮಂಗಳವಾರ, ೨೧ ಮಾರ್ಚ್

ಉಂಗುರವೆಂದರೆ ಬಳೆಯಂಥ ರಬ್ಬರಿನ ಸುತ್ತು, ಅಷ್ಟೇ. ಒಳಗೆ ಕೂರಿಸಿ, ಎದ್ದು ನಡೆ ಎಂದರು. ಅವ್ವ ಕೋಣೆಯಲ್ಲಿ ಒಂದು ಸುತ್ತು ನಡೆದರು. ಕೆಮ್ಮಿದರು, ಕುಕ್ಕರಗಾಲಲ್ಲಿ ಕೂತೆದ್ದರು. ಕೆಲವು ತಿಂಗಳಿಗೊಮ್ಮೆ ಬಂದು ತೆಗೆಸಿ ತೊಳೆಸಿಕೊಳ್ಳಬೇಕು ಎಂದು ಡಾಕ್ಟರ್‌ಬಾಯಿ ಹೇಳುತ್ತಿದ್ದದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತು ಅತ್ತರು. ಸಂತೋಷಕ್ಕೆಂದುಕೊಂಡೆ. ಸಂತೋಷವಲ್ಲ.

"ಇಷ್ಟಽ ಏನು? ಒಂದು ಬಳಿ? ಇಪ್ಪತ್ತ ವರ್ಷ ನಾ ಒಂದ ಲಗ್ನಕ್ಕ ಹೋಗಲಿಲ್ಲ, ಜಾತ್ರಿಗೆ ಹೋಗಲಿಲ್ಲ, ನಮ್ಮಪ್ಪ ಸತ್ತಾಗ ಮಣ್ಣಿಗೆ ಹೋಗಲಿಲ್ಲ. ಒಂದು ಬಳೀ ಸಲುವಾಗಿ!"

ಪಕ್ಕದಲ್ಲಿ ಕುಳಿತೆ. ಅಳು ಮುಗಿದ ಮೇಲೆ ಚಹಾ ಕುಡಿದೆವು, ಎರಡೆರಡು ಲೋಟ.

ಬುಧವಾರ, ೧೨ ಏಪ್ರಿಲ್

ಊರಿನಿಂದ ಕೆಲಸ ಹುಡುಕಿ ಬಂದವರೊಬ್ಬರು ಹಾಲವ್ವನ ಸುದ್ದಿ ತಂದರು. ನನ್ನ ನಾದಿನಿ ಮೂರನೆಯದನ್ನು ಹಡೆದಿದ್ದಾಳೆ. "ಎದ್ದರ ಕುಂದರಬೇಕು ಅಂತಾಳ್ರೀ, ಹೊಲಕ್ಕ ಬರವಲ್ಲಳು, ಮೈಗಳ್ಳಿ ಆಗ್ಯಾಳ ಅಂತ ಅತ್ತಿಮನ್ಯಾಗ ಬೈತಾರ" ಎಂದರು.

ಅವ್ವ ನನ್ನ ಮುಖ ನೋಡಿದರು. ಬಂದವರು ಹೋದ ಮೇಲೆ ಗೋಡೆಗೊರಗಿ ಕುಳಿತು, "ಹಿಂದಿನ ಸಲ ಹಡದಾಗನ ಹೇಳಿದ್ದಳು ಆಕಿ, ಅವ್ವಾ ಏನೋ ಭಾರ ಅನಸತೈತಿ ಅಂತ. ಸುಮ್ನಿರು ಅಂದಿದ್ದೆ" ಎಂದರು. ಆಮೇಲೆ ಎದ್ದು ಇವರ ಕಡೆ ತಿರುಗಿ, "ನನಗ ಗಾಡಿ ತಿಕೀಟು ತಗಸು" ಎಂದರು.

ಶನಿವಾರ, ೨೨ ಏಪ್ರಿಲ್

ದಾದರಿನಲ್ಲಿ ಅವ್ವನನ್ನು ಗಾಡಿ ಹತ್ತಿಸಿ ಬಂದೆ. ಇವರಿಗೆ ಪಾಳಿ ಇತ್ತು, ನಾನೊಬ್ಬಳೇ ಹೋಗಿದ್ದೆ. ನೂಕುನುಗ್ಗಲಿನಲ್ಲಿ ಟ್ರಂಕು ಹೊತ್ತ ಕೂಲಿಯ ಹಿಂದೆ ಓಡಿ, ಕಿಟಕಿಯ ಪಕ್ಕದ ಜಾಗ ಹಿಡಿದು ಕೂರಿಸಿದೆ. ಗುಲ್ಬರ್ಗದ ತನಕ ಜೊತೆಗೆ ನಮ್ಮ ಕಡೆಯದೇ ಒಂದು ಸಂಸಾರ ಸಿಕ್ಕಿತು.

"ಆಕಿಗೆ ಮದಲ ಹೊರಿ ಹೊರಿಸೂದು ಬಿಡಸತೀನಿ" ಎಂದರು ಅವ್ವ ಕಿಟಕಿಯಿಂದ. "ಅವರತ್ತಿಗೆ ನಾನ ಹೇಳತೀನಿ. ಗಂಡಸರ ಮುಂದ ಹೇಳೂ ಪ್ರಸಂಗ ಬಂದರ ಅವರ ಮುಂದೂ ಹೇಳತೀನಿ. ಆಗಲಿಲ್ಲ ಅಂದರ ಬಳಿ ತೊಳಸಾಕ ಬರೂವಾಗ ಆಕಿನ್ನೂ ಕರಕೊಂಡ ಬರತೀನಿ. ಜಾಗ ಐತೇನು?"

"ಇಲ್ಲಂದರ ಮಾಡೂಣ್ರೀ ಅವ್ವಾ."

ಗಾಡಿ ಅಲುಗಿತು. ನಾನು ಜೊತೆಗೆ ನಾಲ್ಕು ಹೆಜ್ಜೆ ನಡೆದೆ. ಅವ್ವ ಕತ್ತು ಹೊರಗೆ ಹಾಕಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿದರು:

"ನೀಲಾ, ದಿನಾ ಬಿಗಿ ಹಿಡಿ! ಮರೀಬ್ಯಾಡ!"

ಪಕ್ಕದಲ್ಲಿ ರುಮಾಲಿನ ಮುದುಕರೊಬ್ಬರು ತಮ್ಮವರನ್ನು ಕಳಿಸಲು ಬಂದಿದ್ದರು. ಕನ್ನಡ ಕೇಳಿ ನನ್ನ ಕಡೆ ತಿರುಗಿ, "ಖರೇ ಹೇಳ್ಯಾರ ನೋಡವಾ ಹಿರೇರು. ಈ ದಾದರದಾಗ ಕಳ್ಳರು ಭಾಳ. ಚೀಲ ಬಿಗಿ ಹಿಡಿ" ಎಂದರು. ಎಂದು ತಮ್ಮ ಕಿಸೆಯನ್ನೂ ಮುಟ್ಟಿ ನೋಡಿಕೊಂಡರು.

ನಾನು ಹೂಂ ಎನ್ನುವಷ್ಟರಲ್ಲಿ ದೂರದಿಂದ ಮತ್ತೆ ಬಂತು:

"ಹಿಡಿದಷ್ಟ ಬಿಡಬೇಕು! ಪೂರ್ತಿ ಬಿಡಬೇಕು!"

"ಹಿಡಿ ಅಂತಾಳ, ಬಿಡು ಅಂತಾಳ. ಏನ ಮುದುಕಿಯೋ" ಎಂದರು ಮುದುಕರು.

ನಗು ಎಲ್ಲಿತ್ತೋ. ಕಂಬಕ್ಕೆ ಒರಗಿ ನಿಂತು ನಕ್ಕೆ, ಹೊಟ್ಟೆ ಹಿಡಿದು ನಕ್ಕೆ. ಕಣ್ಣಲ್ಲಿ ನೀರು ಬಂದು ಗಾಡಿಯ ಕೊನೆಯ ಡಬ್ಬಿಯೂ ಸರಿಯಾಗಿ ಕಾಣಲಿಲ್ಲ. ಮುದುಕರು ಹೆದರಿ ಸ್ವಲ್ಪ ದೂರ ಸರಿದು ನಿಂತರು.

ದಾರಿಯಲ್ಲಿ ಕಲ್ಲಂಗಡಿ ತಂದೆ. ಈರಣ್ಣನೂ ನಾನೂ ಅರ್ಧ ಹಣ್ಣು ತಿಂದೆವು. ಕೋಣೆಯಲ್ಲಿ ಅವ್ವ ಮಲಗುತ್ತಿದ್ದ ಜಾಗ ಖಾಲಿ ಇದೆ. ಅಷ್ಟು ಜಾಗ ಈ ಕೋಣೆಯಲ್ಲಿ ಇತ್ತೆಂದು ಗೊತ್ತಿರಲಿಲ್ಲ. ಕೂಸು ಅಲ್ಲಿಗೆ ತೆವಳಿಕೊಂಡು ಹೋಗಿ ಹುಡುಕಿ ಬಂತು.

ಅವ್ವ ಬೇಗ ಬರಲಿ.